ಪರದೆ ಕತ್ತಲಾದ ಮೇಲಿನ ಐದು ಹೆಜ್ಜೆ

ಚೂಟಿ,

ಈ ಹೆಸರಿನಿಂದ ನಿನ್ನನ್ನು ಈಗ ಯಾರೂ ಕರೆಯಲಿಕ್ಕಿಲ್ಲ. ನಿನಗೂ ನಲವತ್ತೇಳಾಯಿತು, ಯಾರದೋ ಅತ್ತೆಯಾಗಿರಬಹುದು, ಅಜ್ಜಿಯೇ ಆಗಿರಬಹುದು. ವಿಚಾರಣಾ ಸಮಿತಿಯ ಗುಮಾಸ್ತೆ ನಿನ್ನ ವಿಳಾಸ ಕೊಡಲಿಲ್ಲ. "ಕಾಗದ ಬರೆದುಕೊಡಿ, ತಲುಪಿಸ್ತೀನಿ. ಉತ್ತರದ ಆಸೆ ಮಾತ್ರ ಇಟ್ಕೋಬೇಡಿ" ಎಂದಳು. ಸಾಕ್ಷಿ ಹೇಳಲು ಕರೆದಾಗ ನೀನು ಏನೆಂದೆ ಎಂಬುದನ್ನೂ ಅವಳೇ ತಿಳಿಸಿದಳು: "ನಾನು ಒಂದ್ಸಲ ಹೇಳಿ ಆಗಿದೆ. ಇನ್ನು ಬೇರೆಯವ್ರು ಹೇಳ್ಲಿ." ಆ ಬೇರೆಯವರು ಯಾರೆಂದು ಅವಳಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ನನ್ನ ಕಸುಬು ಕೇಳಿದರೆ ನಗುತ್ತೀಯ. ನಾನು ಸಿನಿಮಾಗಳಿಗೆ ಸದ್ದು ಮಾಡಿಕೊಡುತ್ತೇನೆ. ತೆರೆಯ ಮೇಲೆ ಯಾರಾದರೂ ನಡೆದರೆ, ಕಿಟಕಿಯಿಲ್ಲದ ಒಂದು ಕೋಣೆಯಲ್ಲಿ ಅವರ ಕಾಲಿಗೆ ಸರಿಯಾಗಿ ನಾನು ನಡೆಯುತ್ತೇನೆ. ಒಂದು ಕಲ್ಲುಚಪ್ಪಡಿ, ಒಂದು ಮರಳಿನ ತೊಟ್ಟಿ, ಮೂರು ಪೆಟ್ಟಿಗೆ ತುಂಬ ಹಳೆಯ ಬೂಟು ಚಪ್ಪಲಿ, ಇಷ್ಟೇ ನನ್ನ ಆಸ್ತಿ. ನಾಯಕಿ ಮೆಟ್ಟಿಲಿಳಿದರೆ ಅದು ನಾನು, ಖಳನಾಯಕ ಕೆಸರಿನಲ್ಲಿ ಬಿದ್ದರೂ ನಾನು, ಕುದುರೆಯಂತೂ ಯಾವಾಗಲೂ ನಾನೇ. ಆ ಅನಾಥಾಲಯದಲ್ಲಿ ಅಕ್ಷರಕ್ಕೆ ಮುಂಚೆ ನಾವು ಕಲಿತದ್ದು ಹೆಜ್ಜೆ ಗುರುತಿಸುವುದನ್ನೇ ಅಲ್ಲವೇ? ಕಲಿತ ವಿದ್ಯೆ ಅನ್ನ ಹಾಕಿತು.

ದಿನಾ ಬೆಳಗ್ಗೆ ಐದೂವರೆಗೆ ಮೇಲ್ವಿಚಾರಕರು ನಮ್ಮ ಹಾಸಿಗೆಗಳನ್ನು ತಡವಿ ನೋಡಲು ಬರುತ್ತಿದ್ದರು. ಅವರನ್ನು ನಾವು 'ದೊಡ್ಡಪ್ಪ' ಎಂದೇ ಕರೆಯಬೇಕಿತ್ತು. ಲಾಳ ಹೊಡೆದ ಬೂಟು, ಎಡಗಾಲನ್ನು ತುಸು ಎಳೆಯುವ ನಡಿಗೆ. ಒದ್ದೆ ಮಾಡಿಕೊಂಡವರಿಗೆ ವಾರದಲ್ಲಿ ಎಷ್ಟನೆಯ ಸಲವೋ ಅಷ್ಟು ಬೆತ್ತದೇಟು, ಆಮೇಲೆ ತಣ್ಣೀರು. ಆ ದಿನ ಒದ್ದೆಯಾಗಿದ್ದದ್ದು ನನ್ನ ಹಾಸಿಗೆ, ಅದೇ ವಾರದಲ್ಲಿ ಮೂರನೆಯ ಸಲ. ನೀನು ಮೂರನೇ ಮಂಚದಿಂದ ಇಳಿದು ಬಂದು, ನಿನ್ನ ಒಣ ಬಟ್ಟೆಯನ್ನು ನನ್ನ ಕೆಳಗೆ ತುರುಕಿ, ನನ್ನದನ್ನು ಎಳೆದುಕೊಂಡು ಹೋದೆ. "ನಂಗಿದು ಮೊದಲ್ನೇ ಸಲ, ಒಂದೇ ಏಟು. ನೀನು ಸುಮ್ನೆ ಮಲ್ಕೋ" ಎಂದೆ. ಎಂಟು ವರ್ಷದ ಹುಡುಗಿ ನೀನು. ಇಷ್ಟು ವರ್ಷ ಕಳೆದರೂ ಆ ಧೈರ್ಯ ನಿನಗೆ ಎಲ್ಲಿಂದ ಬಂತೆಂದು ನನಗೆ ಅರ್ಥವಾಗಿಲ್ಲ.

ಏಟು ಒಂದೇ ಬಿತ್ತು. ಅದು ಬಿದ್ದದ್ದು ಕಿವಿಯ ಮೇಲೆ. ನಿನ್ನ ಎಡಗಿವಿ ಹೋಯಿತು. ತಪಾಸಣೆಗೆ ಬಂದ ಅಧಿಕಾರಿಯ ಮುಂದೆ ನೀನು ಕೈ ಕಟ್ಟಿಕೊಂಡು ನಿಂತು "ದೊಡ್ಡಪ್ಪ ಹೊಡೆದ್ರು" ಎಂದೆ. ಅವರು ಪಕ್ಕದ ಮಂಚದವಳಾದ ನನ್ನನ್ನು ಕೇಳಿದರು. "ನಂಗೆ ನಿದ್ದೆ ಬಂದಿತ್ತು" ಎಂದೆ ನಾನು. ದಾಖಲೆ ಪುಸ್ತಕದಲ್ಲಿ 'ಬಚ್ಚಲಲ್ಲಿ ಜಾರಿ ಬಿದ್ದಳು' ಎಂದು ಬರೆದರು. ಮುಂದಿನ ವಾರ ನಿನ್ನನ್ನು ಬೇರೆ ಊರಿಗೆ ಸಾಗಿಸಿದರು. ನನ್ನ ಕಡೆ ನೀನು ತಿರುಗಿಯೂ ನೋಡಲಿಲ್ಲ.

ಕಳೆದ ವರ್ಷ ಒಬ್ಬ ನಿರ್ದೇಶಕಿ ಮಕ್ಕಳ ಆಶ್ರಮವೊಂದರ ಸಿನಿಮಾ ತಂದಳು. ನಮ್ಮ ಆಶ್ರಮದ ಕಥೆಯಲ್ಲ ಅದು, ಅವಳಿಗೆ ನಮ್ಮ ಊರೇ ಗೊತ್ತಿಲ್ಲ. ಕಥೆಯ ಮೇಲ್ವಿಚಾರಕ ಮೊಗಸಾಲೆಯಲ್ಲಿ ಒಂಬತ್ತು ಹೆಜ್ಜೆ ನಡೆದು ಮಕ್ಕಳ ಕೋಣೆಯ ಬಾಗಿಲಿಗೆ ಬರುತ್ತಾನೆ, ಪರದೆ ಕತ್ತಲಾಗುತ್ತದೆ. ಬೂಟಿಗೆ ಲಾಳ ಬಡಿದುಕೊಂಡು ನಡೆದೆ. ಒಂಬತ್ತಕ್ಕೆ ನಿಲ್ಲಬೇಕಿತ್ತು, ಕಾಲು ನಿಲ್ಲದೆ ಇನ್ನೂ ಐದು ಹೆಜ್ಜೆ ಹಾಕಿತು. ಸದ್ದು ದಾಖಲಿಸಿಕೊಳ್ಳುವ ಹುಡುಗ ಗಾಜಿನ ಆಚೆಯಿಂದ ಕೂಗಿದ, "ಅಕ್ಕಾ, ಸೀನ್ ಮುಗಿದೋಯ್ತು, ನೀವಿನ್ನೂ ನಡೀತಾನೇ ಇದೀರಲ್ಲ!" ನನ್ನ ಕಸುಬಿನಲ್ಲಿ ಇದಕ್ಕಿಂತ ದೊಡ್ಡ ತಪ್ಪಿಲ್ಲ. ನಿರ್ದೇಶಕಿ ಒಳಗೆ ಬಂದು ನನ್ನ ಮುಖ ನೋಡಿ ಮೆಲ್ಲಗೆ ಕೇಳಿದಳು, "ಎಲ್ಲಿಗೆ ಹೋಗ್ತಿದ್ರಿ?" "ಮೂರನೇ ಮಂಚಕ್ಕೆ" ಎಂದೆ. ಆ ಐದು ಹೆಜ್ಜೆಯನ್ನು ಕತ್ತಲ ಪರದೆಯ ಮೇಲೆ ಹಾಗೇ ಉಳಿಸಿಕೊಂಡಳು.

ಬಿಡುಗಡೆಯ ದಿನ ಚಿತ್ರಮಂದಿರದ ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ಪರದೆ ಕತ್ತಲಾಯಿತು. ಒಂದು, ಎರಡು, ಮೂರು. ಆರು ನೂರು ಜನ ಉಸಿರು ಬಿಗಿಹಿಡಿದರು, ಒಂದು ಕೆಮ್ಮೂ ಇಲ್ಲ. ನಾಲ್ಕು, ಐದು. ಹೆಜ್ಜೆ ನಿಂತಿತು. ಆಗ ಮುಂದಿನ ಸಾಲಿನಿಂದ ಒಬ್ಬ ಅಜ್ಜಿ ಎದ್ದು ನಿಂತು ಕೂಗಿದರು, "ಯಾರಾದ್ರೂ ಒಳಗೆ ಹೋಗ್ರೋ! ಮಕ್ಳು ಮಾತ್ರ ಇದಾವೆ ಕಣ್ರೋ!" ಸಿನಿಮಾ ಅಂತ ಅವರಿಗೆ ಗೊತ್ತಿತ್ತು, ಟಿಕೆಟ್ ಕೈಯಲ್ಲೇ ಇತ್ತು. ಆದರೂ ಎದ್ದರು. ಅವರ ಹಿಂದೆ ಇನ್ನೂ ಹತ್ತಾರು ಜನ ಎದ್ದರು. ಚೂಟಿ, ನೀನು ನಿಜ ಹೇಳಿದಾಗ ಒಬ್ಬರೂ ನಂಬಲಿಲ್ಲ. ನಾನು ಹಳೆಯ ಬೂಟಿನಲ್ಲಿ ಮಾಡಿದ ಸುಳ್ಳು ಸದ್ದನ್ನು ಒಂದು ಊರೇ ನಂಬಿತು. ಇದಕ್ಕೆ ಹೊಟ್ಟೆ ಉರಿಯಬೇಕೋ ಕೈ ಮುಗಿಯಬೇಕೋ ಇವತ್ತಿಗೂ ತಿಳಿದಿಲ್ಲ. ಆ ದಿನ ಮಾತ್ರ ಕೈ ಮುಗಿದೆ.

ಅದು ಅಲ್ಲಿಗೇ ನಿಲ್ಲಲಿಲ್ಲ. ಪ್ರತಿ ಊರಿನವರೂ ತಮ್ಮ ಊರಿನ ಆಶ್ರಮದ ಕಡೆ ತಿರುಗಿ ನೋಡಿದರು. ನಮ್ಮ ಆಶ್ರಮದ ಗೇಟಿನ ಮುಂದೆ ಜನವೋ ಜನ. ನಾನೂ ಹೋಗಿದ್ದೆ. ಎದುರು ಮನೆಯ ದರ್ಜಿ ನೆನಪಿದ್ದಾನಾ? ಕೋಲೂರಿಕೊಂಡು ಬಂದು ಎಲ್ಲರೆದುರು ಗೊಳೋ ಎಂದು ಅತ್ತ. "ಮಕ್ಳು ಕಿರುಚೋದು ದಿನಾ ಕೇಳ್ತಿತ್ತು. ಕೇಳಬಾರ್ದು ಅಂತ ಮಿಷನ್ ಜೋರಾಗಿ ತುಳೀತಿದ್ದೆ" ಎಂದ. ಗುಂಪಿನಲ್ಲಿ ಯಾರೂ ಅವನಿಗೆ ಬಯ್ಯಲಿಲ್ಲ. ಅಲ್ಲಿ ನಿಂತಿದ್ದ ಅರ್ಧ ಜನ ಒಂದಲ್ಲ ಒಂದು ಮಿಷನ್ ತುಳಿದವರೇ. ನಾನೂ ಅಷ್ಟೇ.

ಸಮಿತಿ ಬಂತು. ದೊಡ್ಡಪ್ಪನನ್ನು ಗಾಲಿಕುರ್ಚಿಯಲ್ಲಿ ಕರೆತಂದರು. ನಿನ್ನ ಕಿವಿಯ ವಿಷಯ ಬಂದಾಗ ಅವನ ವಕೀಲ ಆ ಹಳೆಯ ದಾಖಲೆ ತೆಗೆದು ಓದಿದ, ಜಾರಿ ಬಿದ್ದಳು ಎಂದು. ಪಕ್ಕದ ಮಂಚದ ಹುಡುಗಿ ನಿದ್ದೆಯಲ್ಲಿದ್ದಳಂತೆ ಎಂದೂ ಓದಿದ. ಕೋಪಗೊಂಡ ಸಾವಿರ ಜನ ಹೊರಗೆ ನಿಂತಿದ್ದರೂ ಆ ಎರಡು ಸಾಲನ್ನು ಅಳಿಸುವುದು ಅವರ ಕೈಯಲ್ಲಿರಲಿಲ್ಲ. ಸಿನಿಮಾ ಬಾಗಿಲು ತೆರೆಸಬಹುದು, ಒಳಗೆ ನಡೆಯಬೇಕಾದವರು ನಾವೇ.

ಇವತ್ತು ಬೆಳಗ್ಗೆ ಸಮಿತಿಯ ಮುಂದೆ ಹೋದೆ. ಹಾಸಿಗೆ ನನ್ನದು, ಏಟು ನನಗೆ ಬರಬೇಕಿತ್ತು, ಅವಳು ತೆಗೆದುಕೊಂಡಳು, ನಾನು ಎಚ್ಚರವಾಗಿದ್ದೆ, ಎಲ್ಲ ನೋಡಿದೆ ಎಂದೆ. "ಅವತ್ತು ಯಾಕೆ ಹೇಳ್ಲಿಲ್ಲಮ್ಮ?" ಎಂದು ಅಧ್ಯಕ್ಷೆ ಕೇಳಿದರು. "ಹೇಳಿದವಳನ್ನ ಯಾರೂ ನಂಬ್ಲಿಲ್ವಲ್ಲ" ಎಂದು ಬಾಯಿಗೆ ಬಂತು, ಆದರೆ ಅದು ನೆಪ. "ಹೆದರಿಕೆ" ಎಂದಷ್ಟೇ ಬರೆಸಿದೆ. ಹಳೆಯ ಸಾಲಿನ ಕೆಳಗೆ ಹೊಸ ಸಾಲು ಬಿತ್ತು: 'ಮಗು ಹೇಳಿದ್ದು ನಿಜ.' ಗುಮಾಸ್ತೆ ಅದನ್ನು ಗಟ್ಟಿಯಾಗಿ ಓದಿದಳು, ನಾನು ಕೆಳಗೆ ಸಹಿ ಹಾಕಿದೆ.

ಕ್ಷಮಿಸು ಎಂದು ಕೇಳಲು ಈ ಕಾಗದ ಬರೆದದ್ದಲ್ಲ, ಕ್ಷಮಿಸುವುದೂ ಬಿಡುವುದೂ ನಿನಗೆ ಸೇರಿದ್ದು. ನೀನು ಬರಬೇಕಾಗಿಯೂ ಇಲ್ಲ. ನಿನ್ನ ಪಾಲಿನದನ್ನು ನೀನು ಎಂಟನೇ ವಯಸ್ಸಿಗೇ ಮುಗಿಸಿದ್ದೀಯ, ಮೂವತ್ತೊಂಬತ್ತು ವರ್ಷ ತಡವಾಗಿ ಊರೆಲ್ಲಾ ನಿನ್ನ ಹಿಂದೆ ಬಂದು ನಿಂತಿದೆ.

ಇನ್ನು ಮುಂದೆ ನೀನು ಆಡಿದ ಮಾತನ್ನು ಮೊದಲ ಸಲಕ್ಕೇ ನಂಬುವವರು ನಿನ್ನ ಸುತ್ತ ತುಂಬಿರಲಿ.

ತಡವಾಗಿಯಾದರೂ ನಿನ್ನವಳೇ ಆದ
ಗೆಳತಿ