ಹಿಂದಿನ ಬಲ ಟೈರಿನ ಒಳ ಅಂಚು

ವಾಹನಗಳು ರಸ್ತೆಗೆ ಯೋಗ್ಯವೆಂದು ಮೊಹರು ಒತ್ತುವ ಮಾನ್ಯ ಅಧಿಕಾರಿಗಳೇ,

ತಾವು ಯೋಗ್ಯವೆಂದು ಕಳಿಸಿಕೊಟ್ಟ ಕಾರು ಒಂದು ಕಾರಲ್ಲ, ಎರಡು. ಯಾವುದೋ ಅಪಘಾತದಲ್ಲಿ ಹಿಂಭಾಗ ನಜ್ಜುಗುಜ್ಜಾದ ಒಂದು ಕಾರಿನ ಮುಂದಿನ ಅರ್ಧ, ಇನ್ಯಾವುದೋ ಅಪಘಾತದಲ್ಲಿ ಮುಖ ಕಳೆದುಕೊಂಡ ಮತ್ತೊಂದರ ಹಿಂದಿನ ಅರ್ಧ, ನಡುವೆ ಒಂದು ಬೆಸುಗೆ, ಬೆಸುಗೆಯ ಮೇಲೆ ಬಣ್ಣ, ಬಣ್ಣದ ಮೇಲೆ ತಮ್ಮ ಒಪ್ಪಿಗೆ. ಆ ಕಾರು ಇವತ್ತೂ ಎಲ್ಲೋ ಓಡುತ್ತಿದೆ. ಯಾರನ್ನು ಕೂರಿಸಿಕೊಂಡು ಓಡುತ್ತಿದೆ ಎಂಬುದು ನನಗೆ ಗೊತ್ತಿಲ್ಲ; ತಮಗೆ ಗೊತ್ತಿದ್ದರೆ ತಾವು ನೆಮ್ಮದಿಯಾಗಿ ಹೇಗೆ ಮಲಗುತ್ತೀರಿ ಎಂಬುದೂ ಗೊತ್ತಿಲ್ಲ. ತಮ್ಮ ಮೇಜಿನ ಮುಂದೆ ನಿಂತು ಮೆಲ್ಲಗೆ ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸಿದ್ದೇನೆ. ಆದ್ದರಿಂದ ಇದನ್ನು ಎಲ್ಲರೂ ಓದುವ ಜಾಗದಲ್ಲಿ ಬರೆಯುತ್ತಿದ್ದೇನೆ.

ನಾನು ಫಿಸಿಯೋಥೆರಪಿಸ್ಟ್. ಔಷಧದ ಅಂಗಡಿಯೊಂದರ ಮಹಡಿಯ ಮೇಲೆ ನನ್ನ ಕೋಣೆ. ಎರಡು ಮಂಚ, ಗೋಡೆಗೊಂದು ಏಣಿಯಂಥ ಮರದ ಚೌಕಟ್ಟು. ನನ್ನ ಗಂಡ ಕನ್ನಡಕದ ಅಂಗಡಿಯಲ್ಲಿ ಗಾಜು ಕತ್ತರಿಸುತ್ತಾರೆ. ನಮ್ಮ ಅತ್ತೆಗೆ ಮಂಡಿಯ ಆಪರೇಷನ್ ಆದಮೇಲೆ ಆಟೋ ಹತ್ತಿ ಇಳಿಯುವುದು ಆಗುತ್ತಿರಲಿಲ್ಲ. ಹಾಗಾಗಿ ಹಳೆಯ ಕಾರುಗಳನ್ನು ಮಾರುವ ದೊಡ್ಡ ಅಂಗಡಿಯೊಂದರಿಂದ ಕಾರು ತಂದೆವು. ನಾನು ಕೆಳಗೆ ಬಗ್ಗಿ ನೋಡಲು ಹೋದರೆ ನನ್ನ ಗಂಡ ನಕ್ಕುಬಿಟ್ಟರು. "ಕಚೇರಿಯವರೇ ನೋಡಿ ಸರಿ ಇದೆ ಅಂದಮೇಲೆ ನಾವೇನು ನೋಡೋದು ಮಾರಾಯ್ತಿ, ಬಾ." ತಮ್ಮ ಮಾತಿಗೆ ನಮ್ಮ ಮನೆಯಲ್ಲಿ ಇಷ್ಟು ಬೆಲೆ ಇತ್ತು ಎಂದು ತಿಳಿದರೆ ತಮಗೆ ಸಂತೋಷವಾಗಬಹುದು.

ಕೆಲವೇ ತಿಂಗಳಲ್ಲಿ ಹಿಂದಿನ ಬಲ ಟೈರು ಸವೆಯಿತು. ಹೊರಗಿನಿಂದ ನೋಡಿದರೆ ಅಂಗಡಿಯಿಂದ ಈಗ ತಂದಂತೆ ಗೀರುಗಳೆಲ್ಲ ಆಳವಾಗಿದ್ದವು. ಒಳ ಅಂಚು ಮಾತ್ರ ಬೋಳು. ಎಡಗಡೆಯ ಟೈರಿನಲ್ಲಿ ಹೊರ ಅಂಚು ಸವೆದಿತ್ತು. ಗಾಳಿ ತುಂಬುವವನು "ಗಾಳಿ ಕಮ್ಮಿ ಇಟ್ಟು ಓಡಿಸಿದ್ದೀರಿ" ಅಂದ. ಗಾಳಿ ಕಮ್ಮಿಯಾದರೆ ಎರಡೂ ಅಂಚು ಸವೆಯಬೇಕಲ್ಲವೇ ಎಂದು ಕೇಳಿದ್ದಕ್ಕೆ ಇನ್ನೊಂದು ಗಾಡಿಯ ಕಡೆ ತಿರುಗಿಬಿಟ್ಟ. ಚಕ್ರಗಳ ಅಲೈನ್‌ಮೆಂಟ್ ಮಾಡುವವರು ಮುಂದಿನ ಚಕ್ರಗಳನ್ನು ಸರಿ ಮಾಡಿಕೊಟ್ಟರು. ಹೊಸ ಟೈರು ಹಾಕಿಸಿದೆವು. ಅದೂ ಅದೇ ಜಾಗದಲ್ಲಿ ಸವೆದು ಮತ್ತೊಂದು ಹಾಕಿಸಬೇಕಾಯಿತು. ಬಿಚ್ಚಿದ ಟೈರನ್ನು ಅಂಗೈಯಿಂದ ಸವರಿದರೆ ಒಂದು ಕಡೆಗೆ ನುಣುಪು, ವಾಪಸು ಸವರಿದರೆ ಗರಗಸದ ಹಲ್ಲು. ನೆಟ್ಟಗೆ ಹೋಗಬೇಕಾದರೆ ಸ್ಟೀರಿಂಗನ್ನು ಒಂಚೂರು ಬಲಕ್ಕೆ ಹಿಡಿದೇ ಇರಬೇಕಾಗಿತ್ತು.

ಮೊದಲು ವಿಷಯ ಹೇಳಿದವರು ಹಿಂದಿನ ಸೀಟಿನಲ್ಲಿ ಕೂತಿದ್ದ ನಮ್ಮ ಅತ್ತೆ. "ಇದು ನೆಟ್ಟಗೆ ಹೋಗಲ್ಲ ಕಣೇ. ಏಡಿ ಥರ ಓರೆಯಾಗಿ ಹೋಗುತ್ತೆ."

"ಅಮ್ಮಾ, ಓರೆ ಇರೋದು ನಿನ್ನ ಮಂಡಿ. ಕಾರಿನ ಮೇಲೆ ಯಾಕೆ ಹಾಕ್ತೀಯ?" ಎಂದು ಅವರ ಮಗ ತಮಾಷೆ ಮಾಡಿದರು. ನಾನೂ ನಕ್ಕೆ. ಮಾರನೆಯ ದಿನ ಮಳೆ ನಿಂತಮೇಲೆ ನನ್ನ ಗಂಡ ಕಾರನ್ನು ಗೇಟಿನ ಮುಂದಿನ ನೀರಿನ ಗುಂಡಿ ದಾಟಿಸಿಕೊಂಡು ಹೋದರು. ಒಣಗಿದ ಸಿಮೆಂಟಿನ ಮೇಲೆ ಒದ್ದೆ ಜಾಡು ಮೂಡಿತು. ನೆಟ್ಟಗೆ ಹೋದ ಕಾರು ಎರಡು ಜಾಡು ಬಿಡುತ್ತದೆ. ನಮ್ಮದು ನಾಲ್ಕು ಬಿಟ್ಟಿತ್ತು. ಮುಂದಿನ ಚಕ್ರಗಳು ಒಂದು ದಾರಿ, ಹಿಂದಿನವು ಇನ್ನೊಂದು ದಾರಿ. ಕಾಲೆಳೆದುಕೊಂಡು ನಡೆಯುವವರನ್ನು ನೋಡುತ್ತಲೇ ನನ್ನ ದಿನ ಕಳೆಯುತ್ತದೆ. ಆದರೂ ನಮ್ಮ ಕಾರೇ ಹಾಗೆ ನಡೆಯುವುದನ್ನು ಅತ್ತೆ ಹೇಳುವವರೆಗೂ ನಾನು ನೋಡಿರಲಿಲ್ಲ.

ಅಲೈನ್‌ಮೆಂಟಿನವರ ಹತ್ತಿರ ಮತ್ತೆ ಹೋಗಿ ಹಿಂದಿನ ಚಕ್ರಗಳನ್ನೂ ಅಳೆಯಿರಿ ಎಂದು ಪಟ್ಟು ಹಿಡಿದೆ. ಅಳೆದರು. ಕಾರನ್ನು ಇಳಿಸಿ, ಸ್ವಲ್ಪ ಓಡಿಸಿಕೊಂಡು ಬಂದು ಮತ್ತೆ ಅಳೆದರು. ಆಮೇಲೆ ಕೈ ಒರೆಸಿಕೊಳ್ಳುತ್ತಾ ನನ್ನ ಕಡೆ ಬಂದರು.

"ಏನಾಯ್ತು?"

"ಚಕ್ರದ ತೊಂದರೆ ಆಗಿದ್ರೆ ಸರಿ ಮಾಡಿ ಕೊಡ್ತಿದ್ದೆ ಮೇಡಂ. ಅಳತೆ ಒಂದು ಕಡೆ ನಿಲ್ತಾನೇ ಇಲ್ಲ. ಬಾಡಿ ಕೆಲಸದವರಿಗೆ ತೋರಿಸಿ. ಅಲ್ಲೀತನಕ ಜೋರಾಗಿ ಓಡಿಸ್ಬೇಡಿ. ಹಿಂದೆ ಯಾರನ್ನೂ ಕೂರಿಸ್ಬೇಡಿ."

ತೋರಿಸಬೇಕು ಎಂದುಕೊಂಡಿದ್ದ ವಾರವೇ ಅತ್ತೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾಯಿತು. ಅವರಿಗೆ ಕಾಲು ಚಾಚಲು ಹಿಂದಿನ ಸೀಟೇ ಬೇಕಿತ್ತು; ನಿಧಾನವಾಗಿಯೇ ಹೋಗಿ ಬಂದೆವು. ನಮ್ಮ ಬೀದಿಯ ಉಬ್ಬು ದಾಟುವಾಗ ಭಾರದ ಬೀರು ಎಳೆದಂಥ ಸದ್ದು ಬಂತು. ಮನೆಯ ಮುಂದೆ ನಿಲ್ಲಿಸಿ ನೋಡಿದರೆ ಅತ್ತೆಯ ಪಕ್ಕದ ಬಾಗಿಲು ತೆಗೆಯಲು ಬರುವುದಿಲ್ಲ. ಆಚೆ ಬದಿಗೆ ಸರಿಯೋಣವೆಂದರೆ ಅವರ ಮಂಡಿ ಮಡಚುವುದಿಲ್ಲ. ಒಳಗೆ ಕೂತು "ನನ್ನನ್ನ ಇಲ್ಲೇ ಬಿಡ್ತೀರೇನೋ" ಎಂದು ಮೊದಲು ನಗುತ್ತಾ ಕೇಳಿದರು, ಆಮೇಲೆ ನಗದೆ ಕೇಳಿದರು. ಪಕ್ಕದ ಬೀದಿಯಲ್ಲಿ ಬಾಡಿ ಕೆಲಸ ಮಾಡುವ ಟಿಂಕರಿಂಗ್‌ನವರನ್ನು ಕರೆತಂದೆವು. ಅವರು ಸಲಾಕೆ ಹಾಕಿ ಬಾಗಿಲು ತೆಗೆದು ಅತ್ತೆಯನ್ನು ಇಳಿಸಿದರು. ಇಳಿಸಿದವರು ಬಾಗಿಲನ್ನು ನೋಡಲಿಲ್ಲ, ನೆಲವನ್ನು ನೋಡಿದರು. ಕಾರ್ಪೆಟ್ ಎತ್ತಿ, ಕರಿ ಟಾರಿನಂಥ ಲೇಪವನ್ನು ಚಾಕುವಿನಿಂದ ಕೆರೆದರು. ಅಡಿಯಲ್ಲಿ ಒಂದು ಬದಿಯಿಂದ ಇನ್ನೊಂದು ಬದಿಗೆ ಬೆಸುಗೆಯ ಗೆರೆ. ಗೆರೆಯ ಉದ್ದಕ್ಕೂ ಬಿರುಕು. ಅವರ ಕೈಯಲ್ಲಿದ್ದ ಉಕ್ಕಿನ ಅಳತೆಪಟ್ಟಿ ಬಿರುಕಿನೊಳಗೆ ಇಳಿದು ಕೆಳಗಿನ ರಸ್ತೆಗೆ ತಾಗಿ ಟಕ್ಕೆಂದಿತು.

"ಅಜ್ಜಿ, ನೀವು ಕೂತಿದ್ದು ಒಂದು ಕಾರಲ್ಲಿ. ನಿಮ್ಮ ಮಗ, ಸೊಸೆ ಕೂತಿದ್ದು ಇನ್ನೊಂದರಲ್ಲಿ."

ಯಾವ ಅಂಗಡಿಯಿಂದ ತಂದಿರಿ ಎಂದು ಅವರು ಕೇಳಿದರು. ನಾನು ಹೇಳಿದೆ. ಅವರು ಕಾರ್ಪೆಟನ್ನು ಮೊದಲಿದ್ದಂತೆಯೇ ಹಾಸಿ ಎದ್ದರು. "ನಾನು ಬಾಗಿಲು ತೆಗೆದುಕೊಟ್ಟೆ ಅಷ್ಟೇ ಅಕ್ಕಾ. ಬೇರೆ ಏನೂ ನೋಡಿಲ್ಲ. ಯಾರಾದ್ರೂ ಕೇಳಿದ್ರೆ ಹಾಗೇ ಹೇಳ್ತೀನಿ."

ಮಾನ್ಯರೇ, ಆಗ ತಮ್ಮ ಬಳಿಗೆ ಬಂದೆ. ಸವೆದ ಟೈರನ್ನು ಗೋಣಿಚೀಲದಲ್ಲಿ ಕಟ್ಟಿಕೊಂಡು, ಕಾರನ್ನು ಎಳೆಸಿಕೊಂಡು ಬಂದೆ. ತಮ್ಮ ಪರೀಕ್ಷೆಯನ್ನು ಕಣ್ಣಾರೆ ನೋಡುವ ಭಾಗ್ಯ ನನ್ನದಾಯಿತು. ತಮ್ಮ ಸಿಬ್ಬಂದಿ ದೀಪ ಹಾಕಿ ಆರಿಸಿದರು, ಹಾರನ್ ಒತ್ತಿದರು, ಟೈರಿಗೆ ಬೂಟುಗಾಲಿನಿಂದ ಒಂದೇಟು ಒದ್ದರು. ಟೈರು ತಿರುಗಿ ಒದೆಯಲಿಲ್ಲವಾದ್ದರಿಂದ ಕಾರು ಯೋಗ್ಯವಾಯಿತು. ಆಗ ನಮ್ಮಿಬ್ಬರ ನಡುವೆ ನಡೆದ ಮಾತು ತಮಗೆ ಮರೆತಿರಬಹುದು, ನನಗೆ ಮರೆಯುವಂತಿಲ್ಲ.

"ಟೈರು ಹೊಸದಿದೆಯಲ್ಲಮ್ಮಾ."

"ಹಳೇದು ಇಲ್ಲಿದೆ ಸಾರ್, ನೋಡಿ."

"ಅದು ಈಗ ಕಾರಲ್ಲಿ ಇಲ್ಲವಲ್ಲ."

"ಕಾರ್ಪೆಟ್ ಎತ್ತಿ ನೋಡಿ ಸಾರ್, ಒಂದೇ ನಿಮಿಷ."

"ಕಾರ್ಪೆಟ್ ಎತ್ತೋದು ನಮ್ಮ ಪರೀಕ್ಷೇಲಿ ಬರಲ್ಲ. ಗಾಡಿ ಓಡುತ್ತಾ ಇದೆ ತಾನೇ?"

"ಓಡುತ್ತೆ ಸಾರ್. ನನ್ನ ಭಯ ಅದೇ."

ತಾವು ನಕ್ಕಿರಿ. ನಾನು ಜೋಕು ಹೇಳಿರಲಿಲ್ಲ.

ನನ್ನ ದೂರಿನ ವಿಷಯ ತಮ್ಮ ಕಚೇರಿಯ ನಾಲ್ಕು ಗೋಡೆ ದಾಟಿರಲಿಲ್ಲ. ಹೀಗಿದ್ದೂ ಎರಡೇ ದಿನದಲ್ಲಿ ಆ ಅಂಗಡಿಯವರು ತಾವಾಗಿಯೇ ನನ್ನ ಗಂಡನಿಗೆ ಫೋನ್ ಮಾಡಿ, ಕೊಟ್ಟ ಹಣವನ್ನೆಲ್ಲ ವಾಪಸು ಕೊಡುತ್ತೇವೆ, ಕಾರು ಕೊಟ್ಟುಬಿಡಿ ಅಂದರು. ಅವರಿಗೆ ಹೇಳಿದವರು ಯಾರು? ಹಳೆಯ ಕಾರು ಮಾರಿದವರು ಕೇಳದೆಯೇ ಹಣ ಹಿಂದಿರುಗಿಸಿದ್ದನ್ನು ತಾವು ತಮ್ಮ ಸೇವಾವಧಿಯಲ್ಲಿ ಕಂಡಿದ್ದೀರಾ? ಫೋನಿನಲ್ಲಿ ಅವರು ಕೊನೆಗೆ, "ನಿಮ್ಮ ಮನೆಯವರ ಕ್ಲಿನಿಕ್ಕು ಮೆಡಿಕಲ್ ಶಾಪಿನ ಮೇಲಲ್ಲವಾ? ಮೆಟ್ಟಿಲು ಬಹಳ ಕಡಿದು, ಹುಷಾರು" ಅಂದರಂತೆ. ನಾನು ಮನೆಗೆ ಬರುವಷ್ಟರಲ್ಲಿ ನನ್ನ ಗಂಡ ಸಹಿ ಹಾಕಿ ಕಾರು ಕಳಿಸಿಬಿಟ್ಟಿದ್ದರು.

"ಯಾಕ್ರೀ ಕೊಟ್ರಿ? ನಾಳೆ ಅದರಲ್ಲಿ ಇನ್ಯಾರೋ ಕೂರ್ತಾರೆ."

"ನಮ್ಮಮ್ಮ ಕೂರಲ್ಲ. ನೀನು ಕೂರಲ್ಲ. ನನಗೆ ಅಷ್ಟೇ ಬೇಕಾಗಿರೋದು." ಅವರು ನನ್ನ ಮುಖ ನೋಡಲಿಲ್ಲ. ಅವರು ಹೆದರಿದ್ದನ್ನು ನಾನು ಮದುವೆಯಾದ ಮೇಲೆ ಮೊದಲ ಸಲ ನೋಡಿದ್ದು ಅವತ್ತು. ಅತ್ತೆ ಒಳಗಿನಿಂದ, "ಅವನನ್ನ ಬೈಬೇಡ ಕಣೇ" ಅಂದರು. ನಾನು ಬೈಯಲಿಲ್ಲ. ಮರುವಾರ ಆ ಅಂಗಡಿಯ ಮುಂದೆ ಬಸ್ಸಿನಲ್ಲಿ ಹಾದುಹೋದೆ. ಅದೇ ನಂಬರಿನ ನಮ್ಮ ಕಾರು ಬೇರೆ ಬಣ್ಣದಲ್ಲಿ, ಹೊಸ ಟೈರುಗಳ ಮೇಲೆ, ಗಾಜಿಗೆ ಅಂಟಿಸಿದ ತಮ್ಮ ಹೊಸ ಮೊಹರಿನೊಂದಿಗೆ ಬಿಸಿಲಲ್ಲಿ ಹೊಳೆಯುತ್ತಿತ್ತು. ಅದರ ಮುಂದಿನ ವಾರ ಅಲ್ಲಿ ಇರಲಿಲ್ಲ.

ಇಲ್ಲಿಗೇ ಮುಗಿದಿದ್ದರೆ ನಾನೂ ನನ್ನ ಪಾಡಿಗೆ ಇರುತ್ತಿದ್ದೆನೇನೋ. ಕಳೆದ ತಿಂಗಳು ಭುಜದ ನೋವೆಂದು ಒಬ್ಬರು ನನ್ನ ಬಳಿಗೆ ಬಂದರು. ಶಾಲೆಗಳಿಗೆ ಪ್ರಯೋಗಾಲಯದ ಸಾಮಾನು ಸರಬರಾಜು ಮಾಡುವವರು, ಇಡೀ ದಿನ ಕಾರಿನಲ್ಲೇ ಓಡಾಟ. ಬಲ ಭುಜದ ಸ್ನಾಯು ಕಲ್ಲಿನಂತೆ ಗಟ್ಟಿಯಾಗಿತ್ತು. ಒತ್ತುತ್ತಾ ಕೇಳಿದೆ, "ಭಾರ ಎತ್ತುತ್ತೀರಾ?"

"ಇಲ್ಲ ಮೇಡಂ. ಹೊಸದಾಗಿ ಒಂದು ಹಳೇ ಕಾರು ತಗೊಂಡೆ. ಸ್ಟೀರಿಂಗ್ ಬಿಟ್ರೆ ಪಕ್ಕಕ್ಕೆ ಹೋಗುತ್ತೆ. ಹಿಡಿದು ಹಿಡಿದೇ ಹೀಗಾಗಿರಬೇಕು."

ನನ್ನ ಕೈ ನಿಂತಿತು. ಯಾವ ಅಂಗಡಿ ಎಂದು ಕೇಳಿದೆ. ಅದೇ ಅಂಗಡಿ. ಅವರಿಗಿಂತ ಮುಂಚೆ ನಾನೇ ಮೆಟ್ಟಿಲಿಳಿದು ಓಡಿದೆ. ಮಾನ್ಯರೇ, ಅದು ನಮ್ಮ ಕಾರಲ್ಲ. ಬೇರೆ ಕಂಪನಿಯದು, ಬೇರೆ ಗಾತ್ರದ್ದು. ಆದರೂ ನಡುಬೀದಿಯಲ್ಲಿ ಮಂಡಿಯೂರಿ ಕೈ ಒಳಗೆ ಹಾಕಿ ಹಿಂದಿನ ಬಲ ಟೈರನ್ನು ಸವರಿದೆ. ರಬ್ಬರು ಸವೆದು ಹೊರಬಂದ ತಂತಿ ಬೆರಳಿಗೆ ಚುಚ್ಚಿ ರಕ್ತ ಬಂತು. ಹಿಂದಿನ ಸೀಟಿನಲ್ಲಿ ಮಗುವಿನ ಪುಟ್ಟ ಆಸನ ಕಟ್ಟಿತ್ತು.

ಎಲ್ಲವನ್ನೂ ಹೇಳಿದೆ. ಅವರು ತಾಳ್ಮೆಯಿಂದಲೇ ಕೇಳಿಸಿಕೊಂಡರು. "ಟೈರು ಬದಲಾಯಿಸ್ತೀನಿ ಬಿಡಿ ಮೇಡಂ. ಕಾರಿಗೇನೂ ಆಗಿಲ್ಲ, ಕಚೇರಿಯಿಂದ ಪಾಸಾಗಿ ಬಂದಿರೋದು. ಮಗಳನ್ನ ಕರ್ಕೊಂಡು ಬರೋ ಹೊತ್ತಾಯ್ತು." ಹೋಗುವ ಮುಂಚೆ ತೋಳನ್ನೊಮ್ಮೆ ತಿರುಗಿಸಿ, "ಭುಜ ಹಗುರಾಯ್ತು, ಥ್ಯಾಂಕ್ಸ್" ಎಂದು ನಕ್ಕರು. ಕಾರಿನ ಮುಂದೆ ಅಡ್ಡ ನಿಲ್ಲಬೇಕಿತ್ತೋ ಏನೋ. ನಿಲ್ಲಲಿಲ್ಲ. ಕಾರು ತಿರುವಿನವರೆಗೂ ಕಾಣುತ್ತಿತ್ತು.

ಮುಂದಿನ ವಾರ ಅವರು ಬರಬೇಕಾದ ಹೊತ್ತಿಗೆ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಫೋನು ಮೊದಲು ರಿಂಗಾಗುತ್ತಿತ್ತು, ಈಗ ಅದೂ ಇಲ್ಲ. ನೋವು ವಾಸಿಯಾದವರು ಬರುವುದಿಲ್ಲ, ಅದು ನನ್ನ ವೃತ್ತಿಯಲ್ಲಿ ಸಾಮಾನ್ಯ. ಹಾಗೆಂದು ನಾನು ದಿನವೂ ಹೇಳಿಕೊಳ್ಳುತ್ತಿದ್ದೇನೆ.

ನನ್ನ ಬೇಡಿಕೆ ಇಷ್ಟು. ಆ ಅಂಗಡಿಯಿಂದ ಬಂದು ತಮ್ಮ ಕೈಯಲ್ಲಿ ಪಾಸಾದ ಪ್ರತಿಯೊಂದು ಕಾರನ್ನೂ ಈ ವಾರವೇ ವಾಪಸು ಕರೆಸಿ. ಮೇಲೆತ್ತಿಸಿ, ಟೈರುಗಳನ್ನು ಒಳಗಡೆಯಿಂದ ನೋಡಿಸಿ, ಕಾರ್ಪೆಟ್ ಕಿತ್ತು ನೆಲವನ್ನು ಕೆರೆಯಿಸಿ. ಇದು ತಮ್ಮ ಪರೀಕ್ಷೆಯಲ್ಲಿ ಬರುವುದಿಲ್ಲವೆಂದರೆ ಪರೀಕ್ಷೆಯನ್ನು ಬದಲಾಯಿಸಿ. ಅದೂ ಆಗದೆಂದರೆ ಪಾಸು ಮಾಡಿದ ಒಂದೊಂದು ಕಾರಿನ ಹಿಂದಿನ ಸೀಟಿನಲ್ಲೂ ತಮ್ಮ ಮನೆಯವರನ್ನು ಕೂರಿಸಿ ಊರು ಸುತ್ತಿಸಿ, ಆಮೇಲೆ ಮೊಹರು ಒತ್ತಿ. ಮತ್ತು ಆ ಭುಜ ನೋವಿನವರೂ ಅವರ ಮಗಳೂ ಎಲ್ಲಿದ್ದಾರೆಂದು ಪತ್ತೆ ಮಾಡಿ ನನಗೊಂದು ಮಾತು ತಿಳಿಸಿ. ಅವರ ಕಾರಿನ ನಂಬರು ತಮ್ಮಲ್ಲಿದೆ. ನನ್ನಲ್ಲಿ ಇಲ್ಲ. ಅವತ್ತು ಟೈರು ನೋಡುವ ಭರದಲ್ಲಿ ನಾನು ಅದನ್ನು ನೋಡಲಿಲ್ಲ.

ಇಂತಿ,
ಈಗ ಬಸ್ಸಿನಲ್ಲಿ ಓಡಾಡುತ್ತಾ, ಆ ಬಸ್ಸಿಗೆ ಮೊಹರು ಒತ್ತಿದವರು ಯಾರೆಂದು ಯೋಚಿಸುವ ಒಬ್ಬಳು