“ಬಂದೆ” ಅಂದದ್ದು ಯಾರಿಗೆ

ಅಕ್ಟೋಬರ್ 9, ಸಂಜೆ 6

ಇಂದು ಕೆಳಬೀದಿಯಲ್ಲಿ ನೀರು ನುಗ್ಗಿದ್ದ ಎರಡು ಮನೆ. ಕೆಸರು ಎತ್ತಿ, ಹಾಸಿಗೆ ಹೊರಗೆಸೆದು, ಗೋಡೆಗೆ ಬ್ಲೀಚಿಂಗ್ ನೀರು ಹೊಡೆದೆವು. ಫ್ರಿಜ್ ತೆಗೆಯಬೇಡಿ ಎಂದು ಮೇಸ್ತ್ರಿ ಹೇಳಿದ್ದರೂ ತಂಡದ ಒಬ್ಬಳು ತೆಗೆದಳು. ಎಲ್ಲರೂ ಮೂಗು ಮುಚ್ಚಿಕೊಂಡು ಬೀದಿಗೆ ಓಡಿದರು. ನಾನು ಓಡಲಿಲ್ಲ. ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ತಮ್ಮನನ್ನು ಗುರುತಿಸಿ ಬಂದ ಮೇಲೆ ನನಗೆ ಯಾವುದೂ ವಾಸನೆಯಲ್ಲ.

ಮನೆಯವರು ಕೈ ಹಿಡಿದುಕೊಂಡು, “ನಿಮ್ಮಂಥೋರು ಇರ್ಬೇಕಮ್ಮ” ಎಂದರು. ಇರಬೇಕಾಗಿಲ್ಲ. ನಾನು ಈ ಸ್ವಚ್ಛತಾ ತಂಡ ಸೇರಿದ್ದು ಯಾರ ಉದ್ಧಾರಕ್ಕೂ ಅಲ್ಲ. ನಮ್ಮ ಬೀದಿಯ ಸರದಿ ಬರಬೇಕು. ಎದುರುಮನೆ ಡ್ರೈವರನ ಮನೆಯೊಳಗೆ ಕಾಲಿಡಬೇಕು — ಅಷ್ಟೇ.

ಅಕ್ಟೋಬರ್ 10

ಕೆಲಸವಿಲ್ಲ. ಮತ್ತೆ ಅದೇ ಯೋಚನೆ.

ಚಂಡಮಾರುತದ ರಾತ್ರಿ ನಾನೂ ತಮ್ಮನೂ ನಮ್ಮ ಮಹಡಿಯಲ್ಲಿದ್ದೆವು. ಬೀದಿಯಲ್ಲಿ ಮೊಣಕಾಲುದ್ದ ನೀರು. ಅವನು ಟಾರ್ಚ್ ತೆಗೆದುಕೊಂಡು ಮೆಟ್ಟಿಲಿಳಿಯುತ್ತಾ “ಬಂದೆ” ಎಂದ. ಬರಲಿಲ್ಲ.

ಅಂದದ್ದು ಯಾರಿಗೆ? ಈಗ ಬರ್ತೀನಿ ಅಂತ ನನಗೋ? ಯಾರೋ ಕರೆದದ್ದಕ್ಕೆ ಓಗೊಟ್ಟದ್ದೋ? ಆ ಗಾಳಿಯಲ್ಲಿ ನನಗೇನೂ ಕೇಳಿಸಲಿಲ್ಲ. ಅವನಾದರೋ, ಯಾರು ಕರೆದರೂ ಉಣ್ಣುವ ತಟ್ಟೆ ಬಿಟ್ಟು ಓಡುವವನು.

ಡ್ರೈವರ್ ಪೊಲೀಸರಿಗೆ ಹೇಳಿದ್ದು: “ನಾವ್ಯಾರೂ ಕರೀಲಿಲ್ಲ ಸಾರ್. ನೀರು ನೋಡೋಕೆ ಇಳಿದಿರ್ಬೇಕು. ಹುಡುಗು ಬುದ್ಧಿ.”

ಇಪ್ಪತ್ತೊಂಬತ್ತರವನಿಗೆ ಹುಡುಗು ಬುದ್ಧಿ.

ಅಕ್ಟೋಬರ್ 14, ಸಂಜೆ 7

ಕೊನೆಗೂ ಡ್ರೈವರನ ಮನೆ. ಗಂಡ ಹೆಂಡತಿ ಬಾಗಿಲಲ್ಲೇ ಇದ್ದರು. ನನ್ನನ್ನು ಕಂಡು ಅವನ ಮುಖ ಹುಳ್ಳಗಾಯಿತು.

“ಅಕ್ಕ, ನೀವ್ಯಾಕೆ ತೊಂದ್ರೆ ತಗೊಂಡ್ರಿ...”

“ಅಕ್ಕ ಅನ್ನಬೇಡಿ.”

ಹಾಗೆ ಕರೆಯುತ್ತಿದ್ದವನು ಒಬ್ಬನೇ.

ಅಡುಗೆಮನೆಯಿಂದ ಶುರು. ಬುಟ್ಟಿ ಬುಟ್ಟಿ ಕೆಸರು. ಹೆಂಡತಿ ನನ್ನ ಬೆನ್ನ ಹಿಂದೆಯೇ ಸುತ್ತಿದಳು, ನಾನು ಸೌಟು ಕದಿಯಲು ಬಂದವಳ ಹಾಗೆ. ಮಧ್ಯಾಹ್ನ ಪೈಪ್ ಎಳೆಯಲು ತಾರಸಿಯ ಕೋಣೆಗೆ ಹೋದ ಮೇಸ್ತ್ರಿ ಕೂಗಿದರು. “ಬನ್ರಪ್ಪಾ, ಈ ಮನೇಲಿ ಒದ್ದೆಯಾಗದ ಸಾಮಾನು ಒಂದಾದ್ರೂ ಸಿಕ್ತು.”

ವಾಷಿಂಗ್ ಮೆಷಿನ್. ಹೊಸದು. ಮೇಲಿನ ಪ್ಲಾಸ್ಟಿಕ್ ಕೂಡ ಹರಿದಿಲ್ಲ.

“ಯಾರು ಹತ್ತಿಸಿದ್ದು ಇದನ್ನ?”

“ನಾನೇ,” ಎಂದ ಡ್ರೈವರ್.

“ಒಬ್ರೇ? ಸೊಂಟನೋವಿನ ಬೆಲ್ಟ್ ಬಿಗ್ಕೊಂಡು? ಹಾಗಾದ್ರೆ ನಾಳೆಯಿಂದ ನೀವೇ ಬನ್ನಿ. ಇವರನ್ನೆಲ್ಲ ಮನೆಗೆ ಕಳಿಸ್ತೀನಿ.”

ಎಲ್ಲರೂ ನಕ್ಕರು. ಹೆಂಡತಿಗೆ ರೇಗಿತು. “ಒಬ್ರೇ ಯಾಕೆ? ಕೆಳಗಡೆಯಿಂದ ಎದುರುಮನೆ ಹುಡುಗ ಹಿಡ್ಕೊಂಡಿದ್ದ—” ಎಂದವಳು ನಾಲಿಗೆ ಕಚ್ಚಿಕೊಂಡಳು.

ನಗು ನಿಂತಿತು. ನಾನು ಬುಟ್ಟಿ ಕೆಳಗಿಟ್ಟೆ. ಕೈ ತೊಳೆದೆ. ಮನೆಗೆ ಬಂದೆ.

ಅಕ್ಟೋಬರ್ 18, ಸಂಜೆ 5

ಡ್ರೈವರ್ ಬಂದಿದ್ದ. ಒಳಗೆ ಕರೆಯಲಿಲ್ಲ. ಮೆಟ್ಟಿಲ ಮೇಲೇ ನಿಂತ.

“ಹೌದು. ಕರೆದೆ. ಮೆಷಿನ್ ಹತ್ತಿಸಿ ಆಗಿತ್ತು. ಆಮೇಲೆ ಗ್ಯಾಸ್ ಸಿಲಿಂಡರ್ ತರೋಕೆ ಇಳಿದ... ಅಷ್ಟರಲ್ಲಿ ಹಿಂದಿನ ಕಾಂಪೌಂಡ್ ಒಡೆದು ನೀರು ನುಗ್ತು.”

“ಸಿಲಿಂಡರ್ ತಾ ಅಂದದ್ದು ಯಾರು?”

ಚಪ್ಪಲಿ ನೋಡಿಕೊಂಡ.

“ಆ ಮೆಷಿನ್ ನೀವೇ ಇಟ್ಕೊಳ್ಳಿ. ನಮ್ಗೆ ಅದರ ಮುಖ ನೋಡೋಕಾಗ್ತಿಲ್ಲ.”

ತಮ್ಮನನ್ನು ತೆಗೆದುಕೊಂಡು ಬಟ್ಟೆ ಒಗೆಯುವ ಮೆಷಿನ್ ಕೊಡುತ್ತಾನೆ. ಉಗಿಯಬೇಕೆನಿಸಿತು. ಬಾಯಿ ಒಣಗಿತ್ತು.

“ಆಗಲಿ. ಇಳಿಸೋಣ.”

“ಮೇಸ್ತ್ರಿ ನಾಳಿದ್ದು ಜನ ಕಳಿಸ್ತಾರಂತೆ. ಆ ಮೆಟ್ಟಿಲಿಗೆ ಕಂಬಿ ಬೇರೆ ಇಲ್ಲ, ನಾಲ್ಕು ಜನ ಬೇಕು ಅಂದ್ರು. ಭಾರವೆಲ್ಲ ಕೆಳಗೆ ಹಿಡಿದವರ ಮೇಲೇ ಬೀಳುತ್ತಂತೆ.”

“ಹತ್ತಿಸೋವಾಗ ಇಬ್ಬರೇ ಇದ್ರಲ್ಲ.”

ಬೆಲ್ಟ್ ಸರಿಮಾಡಿಕೊಂಡ. ಆಯ್ತು ಅಂತ ತಲೆಯಾಡಿಸಿದ.

ನಾಳೆ ಬೆಳಗ್ಗೆ ಏಳಕ್ಕೆ. ಕೆಳಗಿನ ತುದಿಗೆ ಅವನು. ಮೇಲಿನದಕ್ಕೆ ನಾನು.