‘ಕೂಡದು’ ಎನ್ನದ ತಪಸ್ಸುಕಾಲ

ಕೋರಮಂಡಲ್
೭-೪-೧೯೫೮, ಪಾಸ್ಕ ಹಬ್ಬದ ಮಾರನೆಯ ದಿನ

ಪ್ರೀತಿಯ ಮಗಳು ಆರೋಗ್ಯಮ್ಮನಿಗೆ ಅಪ್ಪನ ಆಶೀರ್ವಾದ.

ಹೇಗಿದ್ದೀಯಮ್ಮಾ? ಮೈಸೂರಿನ ನೀರು ಒಗ್ಗಿತೇ? ಹುಟ್ಟಿದಾಗಿನಿಂದ ಬೇತಮಂಗಲದ ನೀರು ಕುಡಿದ ಗಂಟಲು ನಿನ್ನದು, ಹೊಸ ನೀರಿಗೆ ಕೆಮ್ಮು ಬಂದೀತು, ಕಾಯಿಸಿ ಕುಡಿ. ಮಠದಲ್ಲಿ ಬೆಳಗಿನ ಜಾವವೇ ಎಬ್ಬಿಸಿ ಕಲ್ಲು ನೆಲದ ಮೇಲೆ ಮಂಡಿಯೂರಿಸುತ್ತಾರಂತೆ. ಮಂಡಿಗೆ ಹಚ್ಚಲು ನಿನ್ನಮ್ಮ ಹರಳೆಣ್ಣೆ ಕಾಸಿ ಸೀಸೆಗೆ ತುಂಬಿಟ್ಟಿದ್ದಾಳೆ. ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆಯುವುದು ಪದ್ಧತಿ, ಅದಕ್ಕೇ ಬರೆದಿದ್ದೇನೆ. ನಿನಗೆ ಬರುವ ಕಾಗದವನ್ನು ಮಠದ ಹಿರಿಯ ಮದರ್ ಮೊದಲು ಓದುತ್ತಾರೆಂದು ಕೇಳಿದೆ. ಧಾರಾಳವಾಗಿ ಓದಲಿ. ಅವರ ಮೇಲೆ ನನಗೆ ಕೋಪವಿಲ್ಲ. ಕೋಪವಿರುವುದು ನಿನ್ನ ಮೇಲೆ.

ವಿಭೂತಿ ಬುಧವಾರದ ಸಂಜೆಯನ್ನು ನೀನು ಮರೆತಿರಲಾರೆ. ಹಣೆಯ ಬೂದಿ ಅಳಿಸದೆ ಮೂವರೂ ಊಟಕ್ಕೆ ಕೂತು, ಈ ತಪಸ್ಸುಕಾಲಕ್ಕೆ ಯಾರು ಏನು ಬಿಡುವುದು ಎಂದು ಮಾತಾಡಿದೆವು. ನಿನ್ನಮ್ಮ ಎಂದಿನಂತೆ ಕಾಫಿ ಬಿಟ್ಟಳು. ನಾನು ಎಂದಿನಂತೆ ಬೀಡಿ ಬಿಡುತ್ತೇನೆಂದೆ. ನೀನು ಕಿಸಕ್ಕನೆ ನಕ್ಕೆ. “ಅಪ್ಪಾ, ನೀನ್ ಬೀಡಿ ಬುಟ್ರೆ ಕಷ್ಟ ನಿಂಗಲ್ಲ, ನಮ್ಗೆ. ನಲ್ವತ್ತು ದಿನಾನೂ ಉರ್ದು ಬೀಳ್ತೀಯ. ಈ ಸತಿ ಬೀಡಿ ಸೇದ್ಕೊ. ಮಾತೆತ್ತಿದ್ರೆ ‘ಕೂಡ್ದು’ ಅಂತೀಯಲ್ಲ, ಅದ್ನ ಬುಟ್ಬುಡು” ಎಂದೆ. ನಿನ್ನಮ್ಮ ತುತ್ತು ನೆತ್ತಿಗೇರುವಷ್ಟು ನಕ್ಕಳು. ನನಗೂ ನಗು ಬಂತು.

ಅದು ನನ್ನ ಬಾಯಿಗೆ ಅಂಟಿದ ಮಾತು ಎಂಬುದು ನಿಜ. ಗಣಿಯೊಳಗೆ ಮೇಲಿನ ಬಂಡೆಗೆ ಮರದ ಆಸರೆ ಕೊಡಿಸುವ ಮೇಸ್ತ್ರಿ ನಾನು. ಬಂಡೆ ಸಣ್ಣಗೆ ಸದ್ದು ಮಾಡಿದರೂ ‘ಕೂಡದು, ಕಾಲಿಡಬೇಡಿ’ ಎಂದು ಕೂಗುವುದೇ ನನ್ನ ಕಸುಬು. ಆ ಮಾತಿಗೆ ಗೊಣಗುತ್ತಲೇ ಹಿಂದೆ ಸರಿದ ನನ್ನ ಕೈಕೆಳಗಿನ ಮುನಿಶಾಮಿ ಇವತ್ತೂ ಉಂಡು ತಿಂದು ಓಡಾಡಿಕೊಂಡಿದ್ದಾನೆ. ಹೆಂಡತಿ ಮಕ್ಕಳ ಹತ್ತಿರ ಅದೇ ಮಾತು ಆಡುತ್ತಿದ್ದೆನೆಂದರೆ ಅದು ಪ್ರೀತಿಯಿಂದಲೇ ಹೊರತು ಬೇರೇನಲ್ಲ. ಇಷ್ಟಕ್ಕೂ ನೀನು ಜಾಣೆ, “ಗಣೀಲಿ ಏಳ್ಕೊ ಅಪ್ಪಾ, ಮನೇಲಿ ಮಾತ್ರ ಬ್ಯಾಡ” ಎಂದು ಮೊದಲೇ ವಿನಾಯಿತಿ ಕೊಟ್ಟಿದ್ದೆ. ಎಷ್ಟು ಅಕ್ಕರೆ ನನ್ನ ಮಗಳಿಗೆ ಎಂದುಕೊಂಡೆ ಆಗ.

ಮಾರನೆಯ ದಿನ ಗುಡಿಗೆ ಹೋಗಿ ಪೀಠದ ಮುಂದೆ ನಿಂತು, ಪಾಸ್ಕ ಹಬ್ಬದವರೆಗೆ ಮನೆಯಲ್ಲಿ ಯಾರಿಗೂ ಯಾವುದಕ್ಕೂ ಅಡ್ಡಿ ಹೇಳುವುದಿಲ್ಲವೆಂದು ಹರಕೆ ಹೊತ್ತೆ. ಫಾದರ್ ಹತ್ತಿರ ಹೇಳಿದಾಗ ಅವರು ನನ್ನ ಬೆನ್ನು ತಟ್ಟಿ, ನಾಲಿಗೆಯ ಉಪವಾಸ ಹೊಟ್ಟೆಯ ಉಪವಾಸಕ್ಕಿಂತ ಕಷ್ಟ ರಾಯಪ್ಪ ಎಂದರು. ಕಷ್ಟವೇ ಆಯಿತು. ಪಕ್ಕದ ಮನೆಯ ಕದಿರಮ್ಮ ನಮ್ಮ ಬೇಲಿಯ ತುಂಬ ಒದ್ದೆ ಸೀರೆ ಹರವಿದಳು, ಸುಮ್ಮನಿದ್ದೆ. ನಿನ್ನಮ್ಮ ತಂಗಿಯ ಮನೆಗೆಂದು ಬಂಗಾರಪೇಟೆಗೆ ಹೋಗಿ ಎರಡು ದಿನ ಹೆಚ್ಚಿಗೆ ಉಳಿದಳು, ಸುಮ್ಮನಿದ್ದೆ. ನೀನು ದಿನಾ ಸಂಜೆ ಶಿಲುಬೆ ಹಾದಿಯ ಪ್ರಾರ್ಥನೆ ಮುಗಿದ ಮೇಲೂ ಕನ್ಯಾಸ್ತ್ರೀಯರ ಜೊತೆ ನಿಂತು ಬಂದೆ, ಆಗಲೂ ಸುಮ್ಮನಿದ್ದೆ. ಬರಬರುತ್ತಾ ನನಗದು ಹಿಡಿಸಿತಮ್ಮಾ. ಮನೆಯಲ್ಲಿ ನಗು ಹೆಚ್ಚಾಯಿತು. ಇಷ್ಟು ವರ್ಷ ಮಾಂಸ ಬಿಟ್ಟೆ, ಬೀಡಿ ಬಿಟ್ಟೆ, ಮನುಷ್ಯ ಮಾತ್ರ ಹಾಗೇ ಉಳಿದಿದ್ದೆ. ಈ ಸಲ ನಿಜವಾದ ತಪಸ್ಸು ಮಾಡುತ್ತಿದ್ದೇನೆ, ಅದನ್ನು ಕಲಿಸಿದ್ದು ನನ್ನ ಮಗಳು ಎಂದು ಗಣಿಯಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದೆ.

ಆಮೇಲೆ, ಹರಕೆ ಇನ್ನೂ ಮುಗಿಯದ ಆ ಶನಿವಾರ ಸಿಸ್ಟರ್ ಇಬ್ಬರು ಮನೆಗೆ ಬಂದರು. ಹಿರಿಯಾಕೆ ನೇರವಾಗಿಯೇ ಕೇಳಿದರು: ನಿಮ್ಮ ಮಗಳು ಮಠ ಸೇರಲು ಇಷ್ಟಪಟ್ಟಿದ್ದಾಳೆ, ನೀವು ಬೇಡವೆಂದರೆ ಕರೆದುಕೊಂಡು ಹೋಗುವುದಿಲ್ಲ. ನಾನು ನಿನ್ನ ಮುಖ ನೋಡಿದೆ. ನೀನು ಅಡುಗೆಮನೆಯ ಬಾಗಿಲಲ್ಲಿ ನೆಲ ನೋಡುತ್ತಾ ನಿಂತಿದ್ದೆ. ‘ಕೂಡದು’ ನಾಲಿಗೆಯ ತುದಿಗೆ ಬಂದಿತ್ತು. ಪೀಠದ ಮುಂದೆ ಕೊಟ್ಟ ಮಾತು ಅದನ್ನು ಅಲ್ಲೇ ತಡೆಯಿತು. “ಕರ್ಕೊಂಡೋಗ್ರಮ್ಮಾ” ಎಂದೆ. ಬಂಗಾರಪೇಟೆ ಸ್ಟೇಷನ್ನಿನಲ್ಲಿ ಮೈಸೂರಿಗೆಂದು ನಿನ್ನನ್ನು ಬೆಂಗಳೂರಿನ ಗಾಡಿ ಹತ್ತಿಸಿ, ಕಣ್ಣೀರು ಒರೆಸಿಕೊಂಡು, ದೇವರು ನನ್ನನ್ನು ಪರೀಕ್ಷಿಸಿದ, ನಾನು ಗೆದ್ದೆ ಎಂದುಕೊಳ್ಳುತ್ತಾ ಮನೆಗೆ ಬಂದೆ.

ಶುಭ ಶುಕ್ರವಾರ ಗಂಜಿ ಕುಡಿಯುವಾಗ ಅದೇ ಮಾತನ್ನು ನಿನ್ನಮ್ಮನ ಹತ್ತಿರ ಆಡಿದೆ. ಅವಳು ಲೋಟ ಕೆಳಗಿಟ್ಟು ಅಳತೊಡಗಿದಳು. “ಪರೀಕ್ಷೆ ಮಾಡ್ದೋನು ದೇವ್ರಲ್ಲ ಕಣಯ್ಯಾ, ನಿನ್ ಮಗ್ಳು. ಕ್ರಿಸ್ಮಸ್ಸಿಗೇ ಎಲ್ಲಾ ತೀರ್ಮಾನ ಮಾಡ್ಕೊಂಡಿದ್ಲು. ಅಪ್ಪ ಒಪ್ಪಲ್ಲ, ಅದ್ಕೇ ‘ಕೂಡ್ದು’ ಬುಡ್ಸೋ ಈ ಉಪಾಯ ಅಂದ್ಲು” ಎಂದಳು. ಅವತ್ತು ತುತ್ತು ನೆತ್ತಿಗೇರುವಷ್ಟು ನಕ್ಕವಳಿಗೂ ಗೊತ್ತಿತ್ತು. ಗೊತ್ತಿಲ್ಲದವನು ನಾನೊಬ್ಬನೇ.

ನೀನು ನನಗೆ ಮೋಸ ಮಾಡಿದೆ ಆರೋಗ್ಯ. ಬೇರೆ ಪದ ಹುಡುಕಿದೆ, ಸಿಗಲಿಲ್ಲ. ಹುಡುಗನ ಜೊತೆ ಓಡಿಹೋಗಿದ್ದರೆ ಬೀದಿಯಲ್ಲಿ ನಿಂತು ಬೈಯಬಹುದಿತ್ತು. ನೀನು ದೇವರ ಮನೆಗೆ ಹೋಗಿದ್ದೀಯ, ಊರೆಲ್ಲ ನನ್ನ ಕೈ ಕುಲುಕುತ್ತಿದೆ, ನಾನು ಹಲ್ಲು ಕಚ್ಚಿಕೊಂಡು ನಗಬೇಕು. ತ್ಯಾಗವೆಂದರೆ ಕೊಡುವವನಿಗೆ ತಾನು ಏನು ಕೊಡುತ್ತಿದ್ದೇನೆಂದು ಗೊತ್ತಿರಬೇಕಲ್ಲವೇನಮ್ಮಾ? ನಾನು ಬಿಟ್ಟದ್ದು ಒಂದು ಮಾತನ್ನು, ನೀನು ಕಿತ್ತುಕೊಂಡದ್ದು ಮಗಳನ್ನು. ನೇರವಾಗಿ ಕೇಳಿದ್ದರೆ ಕೂಗಾಡುತ್ತಿದ್ದೆ, ಅನ್ನ ಬಿಡುತ್ತಿದ್ದೆ. ಕಡೆಗೆ ನಾನೇ ಕೈಹಿಡಿದು ಕರೆದುಕೊಂಡು ಹೋಗಿ ಒಪ್ಪಿಸುತ್ತಿದ್ದೆನೋ ಏನೋ. ಆ ದಾರಿಯನ್ನೇ ನೀನು ಮುಚ್ಚಿಬಿಟ್ಟೆ.

ನಿನ್ನಮ್ಮನೊಡನೆ ನಿನ್ನೆಯಿಂದ ಮತ್ತೆ ಮಾತಾಡುತ್ತಿದ್ದೇನೆ. ಹಬ್ಬದ ದಿನ ಮುಖ ತಿರುಗಿಸಿಕೊಂಡು ಕೂರಲಾಗಲಿಲ್ಲ. ಕದಿರಮ್ಮ ನಿನ್ನನ್ನು ಕೇಳಿದಳು. ಮದರ್ ಅವರಿಗೆ ನನ್ನ ನಮಸ್ಕಾರ. ಮಾತೆ ಮರಿಯಮ್ಮ ನಿನ್ನನ್ನು ಕಾಯಲಿ, ಹೊಟ್ಟೆ ತುಂಬ ಊಟ ಮಾಡು.

ಇಂತಿ ನಿನ್ನ ತಂದೆ
ರಾಯಪ್ಪ

ಮರೆತ ಮಾತು: ಟಪಾಲಿನವನು ಬರುವ ಹೊತ್ತಾಯಿತು. ಪಾಸ್ಕ ಕಳೆದ ಮೇಲೆ ಮನೆಯವರು ಬಂದು ನೋಡಬಹುದೆಂದು ಸಿಸ್ಟರ್ ಹೇಳಿದ್ದರು. ಬರುವ ಶನಿವಾರ ನಾನೊಬ್ಬನೇ ಬರುತ್ತೇನೆ. ನನ್ನೆದುರು ಕೂತು, ಇಲ್ಲಿಯವರೆಗೆ ಕೇಳೇ ಇಲ್ಲವೆನ್ನುವ ಹಾಗೆ, ಮಠ ಸೇರಲೇ ಅಪ್ಪಾ ಎಂದು ನೀನೇ ನಿನ್ನ ಬಾಯಾರೆ ಕೇಳಬೇಕು. ಈಗ ನನ್ನ ನಾಲಿಗೆಗೆ ಹರಕೆಯ ಕಟ್ಟಿಲ್ಲ. ಕೂಡದು ಎಂದೆನೋ, ಮಠ ಬಿಟ್ಟು ನನ್ನ ಜೊತೆ ಗಾಡಿ ಹತ್ತಬೇಕು. ಅದಕ್ಕೆ ಒಪ್ಪಿಗೆಯಿಲ್ಲದಿದ್ದರೆ ಬರಬೇಡ ಎಂದು ಒಂದು ಕಾರ್ಡು ಹಾಕು. ಏನು ಹೇಳುತ್ತೇನೋ ನನಗೇ ಇನ್ನೂ ಗೊತ್ತಿಲ್ಲ. ಆದರೆ ನೀನು ಕೇಳಬೇಕು ಮಗಳೇ.